ಪಕ್ಕದ ಕೋಣೆಯ ಪ್ರತಿ, ಮೈಸೂರಿನ ಪ್ರತಿ: ಎರಡನ್ನೂ ಓಡಿಸಿ ನೋಡಿದ ಮೇಲೆ

ಪರೀಕ್ಷೆಗೆಂದು ಇಟ್ಟಿದ್ದ ಡೇಟಾಬೇಸ್‌ನಲ್ಲಿ ಸದಸ್ಯರ ಖಾತೆಗಳ ಕೋಷ್ಟಕವನ್ನು ಬೇಕೆಂದೇ ಅಳಿಸಿದೆ. ತಕ್ಷಣ ಪಕ್ಕದ ಕೋಣೆಯ ಎರಡನೆಯ ಸರ್ವರ್‌ ಅನ್ನು ಪ್ರೈಮರಿ (ಮುಖ್ಯ ಯಂತ್ರ) ಮಾಡಿ ತೆರೆದೆ. ಅಲ್ಲಿಯೂ ಕೋಷ್ಟಕವಿರಲಿಲ್ಲ. ಎರಡು ಯಂತ್ರಗಳ ಡಿಸ್ಕ್‌ಗಳನ್ನು ಒಂದೇ ರೀತಿ ಇಡುವ ಡಿಆರ್‌ಬಿಡಿ ಎಂಬ ತಂತ್ರಾಂಶ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ನಾನು ಬರೆದದ್ದನ್ನು ಬರೆದಿತ್ತು, ಅಳಿಸಿದ್ದನ್ನು ಅಳಿಸಿತ್ತು. ಮೈಸೂರಿನ ಯಂತ್ರದಲ್ಲಿ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ತೆಗೆದ ನಾಲ್ಕು ನಿಮಿಷ ಹಿಂದಿನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದಲ್ಲಿ ದತ್ತಾಂಶ ಹೇಗಿತ್ತೋ ಹಾಗೇ ಹಿಡಿದಿಟ್ಟ ಚಿತ್ರ, ಇತ್ತು. ಅದರಿಂದ ಒಂದು ಕ್ಲೋನ್ (ಬರೆಯಬಹುದಾದ ಪ್ರತಿ) ತೆಗೆದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಚಾಲೂ ಮಾಡಿದಾಗ ಕೋಷ್ಟಕ ಇದ್ದಲ್ಲಿಯೇ ಇತ್ತು.

ನಾನು ನೋಡಿಕೊಳ್ಳುವುದು ಒಂದು ಸಹಕಾರಿ ಸಂಘದ ಲೆಕ್ಕಪತ್ರ ವ್ಯವಸ್ಥೆಯನ್ನು. ಬೆಂಗಳೂರಿನ ಡೇಟಾ ಸೆಂಟರ್ ಒಂದರ ಎರಡು ಕೋಣೆಗಳಲ್ಲಿ ಬಾಡಿಗೆ ರ‍್ಯಾಕ್‌ಗಳಿವೆ, ಮೈಸೂರಿನಲ್ಲಿ ಅರ್ಧ ರ‍್ಯಾಕ್ ಇದೆ. ಎರಡನೆಯ ಪ್ರತಿಯನ್ನು ಯಾವ ವಿಧಾನದಲ್ಲಿ ಇಡಬೇಕೆಂದು ತಿಳಿಯಲು ನಾಲ್ಕು ತಿಂಗಳು ಎರಡನ್ನೂ ಅಕ್ಕಪಕ್ಕದಲ್ಲಿ ಓಡಿಸಿದೆ.

ಡಿಆರ್‌ಬಿಡಿ ವಿಯೆನ್ನಾದ ಲಿನ್‌ಬಿಟ್ ಕಂಪನಿಯದು. 2010ರಲ್ಲಿ ಬಂದ 2.6.33 ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನೊಳಗೇ ಇದೆ. ಡಿಸ್ಕ್‌ಗೆ ಬರೆಯುವ ಪ್ರತಿ ಬ್ಲಾಕನ್ನೂ ಅದು ಜಾಲದ ಮೂಲಕ ಇನ್ನೊಂದು ಯಂತ್ರಕ್ಕೆ ಕಳುಹಿಸುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಮೂರು ಪ್ರೋಟೋಕಾಲ್‌ಗಳಿವೆ. ‘ಎ’ ಎಂದರೆ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿ ಮನೆಗೆ ಬಂದಂತೆ. ‘ಬಿ’ ಎಂದರೆ ಕಾಗದ ಆ ಮನೆಯ ಬಾಗಿಲು ಮುಟ್ಟಿದಂತೆ. ‘ಸಿ’ ಎಂದರೆ ಅವರು ತೆಗೆದುಕೊಂಡು ಸಹಿ ಮಾಡಿದ ಸ್ವೀಕೃತಿ ಚೀಟಿ ನಮ್ಮ ಕೈಗೆ ಮರಳಿ ಬಂದಂತೆ.

ಎರಡು ಕೋಣೆಗಳ ನಡುವೆ ‘ಸಿ’ ಹಾಕಿದಾಗ ಬಳಕೆದಾರರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಓದುವುದೆಲ್ಲ ಸ್ಥಳೀಯ ಡಿಸ್ಕ್‌ನಿಂದಲೇ ನಡೆಯುವುದರಿಂದ ಅಲ್ಲಿ ನಷ್ಟವಿಲ್ಲ. ಮುಖ್ಯ ಸರ್ವರ್‌ನ ವಿದ್ಯುತ್ ತಂತಿಯನ್ನು ಕಿತ್ತೆ. ಒಂದು ನಿಮಿಷದೊಳಗೆ ಪೇಸ್‌ಮೇಕರ್ ಎಂಬ ಮೇಲ್ವಿಚಾರಣೆಯ ತಂತ್ರಾಂಶ ಇನ್ನೊಂದರಲ್ಲಿ ಸೇವೆಯನ್ನು ಎಬ್ಬಿಸಿತು, ದಾಖಲಾಗಿದ್ದ ಒಂದು ವಹಿವಾಟೂ ಕಳೆದಿರಲಿಲ್ಲ. ಈ ಒಂದು ಗುಣದಲ್ಲಿ ಡಿಆರ್‌ಬಿಡಿಗೆ ಝಡ್‌ಎಫ್‌ಎಸ್ ರವಾನೆ ಸಾಟಿಯಲ್ಲ.

ಅದೇ ‘ಸಿ’ಯನ್ನು ಮೈಸೂರಿಗೆ ಎಳೆದಾಗ ಕಥೆ ಬದಲಾಯಿತು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸುಮಾರು 145 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು ಒಂದೂವರೆ ಮಿಲಿಸೆಕೆಂಡ್ ಸಾಕು. ಆದರೆ ತಂತಿ ನೇರ ದಾರಿಯಲ್ಲಿ ಹೋಗುವುದಿಲ್ಲ, ನಡುವೆ ಉಪಕರಣಗಳೂ ಇವೆ. ನನಗೆ ಸಿಕ್ಕ ಪಿಂಗ್ (ಹೋಗಿ ಬರುವ ಸಮಯ) ಸುಮಾರು 5 ಮಿಲಿಸೆಕೆಂಡ್. ಒಂದು ಮುಗಿದ ಮೇಲೆ ಇನ್ನೊಂದು ಎಂಬಂತೆ ನಡೆಯುವ ಬರಹಗಳು ಆಗ ಸೆಕೆಂಡಿಗೆ 200 ದಾಟುವುದು ಸಾಧ್ಯವೇ ಇಲ್ಲ. ಎಷ್ಟು ಬೆಲೆಯ ಎಸ್‌ಎಸ್‌ಡಿ ತಂದರೂ ಈ ಲೆಕ್ಕ ಬದಲಾಗದು. ದಿನದ ಕೊನೆಯ ಬಡ್ಡಿ ಲೆಕ್ಕ ರಾತ್ರಿಯೆಲ್ಲ ತೆವಳಿತು.

‘ಎ’ಗೆ ಬದಲಿಸಿದೆ. ಹಗಲು ಸಲೀಸಾಗಿ ನಡೆಯಿತು. ರಾತ್ರಿಯ ಲೆಕ್ಕ ಶುರುವಾದಾಗ ಕಳುಹಿಸುವ ಬಫರ್ (ದತ್ತಾಂಶ ಸರದಿ ಕಾಯುವ ಜಾಗ) ತುಂಬಿ ಬರಹಗಳು ಮತ್ತೆ ನಿಂತವು. ಬಫರ್ ತುಂಬಿದರೆ ಕಾಯದೆ ಮುಂದೆ ಹೋಗು ಎನ್ನುವ ಆಯ್ಕೆಯೂ ಇದೆ, ಆದರೆ ಅದರಲ್ಲಿ ನನ್ನನ್ನು ಹೆದರಿಸಿದ ಒಂದು ಸಂಗತಿಯಿದೆ. ಹಿಂದೆ ಬಿದ್ದ ಪ್ರತಿ ಮತ್ತೆ ಸಮನಾಗುವಾಗ ಬ್ಲಾಕ್‌ಗಳು ಬರೆದ ಕ್ರಮದಲ್ಲಿ ಹೋಗದೆ ಡಿಸ್ಕ್‌ನಲ್ಲಿರುವ ಕ್ರಮದಲ್ಲಿ ಹೋಗುತ್ತವೆ. ಆ ಹೊತ್ತಿನಲ್ಲಿ ಬೆಂಗಳೂರು ಕೈಕೊಟ್ಟರೆ ಮೈಸೂರಿನಲ್ಲಿ ಉಳಿಯುವುದು ಅರ್ಧ ಹಳೆಯ, ಅರ್ಧ ಹೊಸ ಡಿಸ್ಕ್. ಸಮನಾಗಿಸುವ ಮೊದಲು ಅಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳಲೇಬೇಕು.

ಝಡ್‌ಎಫ್‌ಎಸ್‌ನಲ್ಲಿ ಈ ಭಯವಿಲ್ಲ. ಐದು ನಿಮಿಷಕ್ಕೊಮ್ಮೆ ಸ್ನ್ಯಾಪ್‌ಶಾಟ್, ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮಾತ್ರ ಮೈಸೂರಿಗೆ. ದಾರಿಯಲ್ಲಿ ಸಂಪರ್ಕ ಕಡಿದರೆ ಅಲ್ಲಿನ ಹಿಂದಿನ ಸ್ನ್ಯಾಪ್‌ಶಾಟ್ ಪೂರ್ತಿಯಾಗಿಯೇ ಇರುತ್ತದೆ. ಬೆಲೆ ಏನೆಂದರೆ, ಬೆಂಗಳೂರು ಒಮ್ಮೆಲೇ ಹೋದರೆ ಕೊನೆಯ ಐದು ನಿಮಿಷದ ವಹಿವಾಟು, ಹೊರೆ ಹೆಚ್ಚಿದ್ದರೆ ಇನ್ನೂ ತುಸು ಹೆಚ್ಚು, ಹೋದಂತೆಯೇ. ಸಂಘದ ಹಿರಿಯರ ಮುಂದೆ ಇದನ್ನು ಮುಚ್ಚಿಡದೆ ಹೇಳಿದೆ. ಕೌಂಟರಿನ ರಸೀದಿ ಪುಸ್ತಕದಿಂದ ಅಷ್ಟನ್ನು ಮರಳಿ ಬರೆಯಬಹುದು ಎಂದು ಅವರು ಒಪ್ಪಿದರು.

ಇದರಲ್ಲಿ ಎಡವಿದ ಜಾಗಗಳೂ ಇವೆ. ಮೈಸೂರಿನ ಪ್ರತಿಯನ್ನು ಯಾರೋ ಸುಮ್ಮನೆ ತೆರೆದು ನೋಡಿದ್ದಕ್ಕೇ, ಕಡತ ಓದಿದ ಸಮಯ ದಾಖಲಾಗಿ ‘ಗುರಿ ಬದಲಾಗಿದೆ’ ಎಂದು ಮುಂದಿನ ರವಾನೆ ನಿಂತಿತು. ಓದಲು ಮಾತ್ರ ಎಂದು ಗುರುತು ಹಾಕಿದ ಮೇಲೆ ಸರಿಹೋಯಿತು. ಪೋಸ್ಟ್‌ಗ್ರೆಸ್‌ನ ದತ್ತಾಂಶ, ಬದಲಾವಣೆಗಳನ್ನು ಮೊದಲು ಬರೆದಿಡುವ ಅದರ ವಾಲ್ (WAL) ದಾಖಲೆ ಝಡ್‌ಎಫ್‌ಎಸ್‌ನ ಬೇರೆ ಬೇರೆ ವಿಭಾಗಗಳಲ್ಲಿ (ಡೇಟಾಸೆಟ್) ಇದ್ದರೆ ಎರಡರ ಸ್ನ್ಯಾಪ್‌ಶಾಟನ್ನೂ ಒಂದೇ ಏಟಿಗೆ ತೆಗೆಯಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಬೆಂಗಳೂರು ತಳ್ಳುವುದಕ್ಕಿಂತ ಮೈಸೂರೇ ಎಳೆದುಕೊಳ್ಳಬೇಕು. ಮುಖ್ಯ ಯಂತ್ರಕ್ಕೆ ನುಗ್ಗಿದವನಿಗೆ ಮೈಸೂರಿನ ಬೀಗದ ಕೈಯೂ ಸಿಕ್ಕಿದರೆ ಅಲ್ಲಿನ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನೂ ಅಳಿಸಿಬಿಡುತ್ತಾನೆ.

ದತ್ತಾಂಶವನ್ನು ಹಲವು ಯಂತ್ರಗಳಲ್ಲಿ ಹಂಚಿಡುವ ಸೆಫ್ ಎಂಬ ತಂತ್ರಾಂಶವನ್ನೂ ಎರಡು ವಾರ ನೋಡಿದೆ. ಮೂರು ಪ್ರತಿಗಳ ಲೆಕ್ಕದಲ್ಲಿ 10 ಟಿಬಿಗೆ 30 ಟಿಬಿ ಬೇಕು, ಕನಿಷ್ಠ ಮೂರು ಯಂತ್ರ ಬೇಕು. ಇಬ್ಬರೇ ಇರುವ ನಮ್ಮ ತಂಡಕ್ಕೆ ಅದು ಹೊರಲಾಗದ ಹೊರೆ.

ಡಿಆರ್‌ಬಿಡಿಯ ಇನ್ನೊಂದು ಅಪಾಯವನ್ನು ಕಣ್ಣಾರೆ ಕಂಡೆ. ಎರಡು ಕೋಣೆಗಳ ನಡುವಿನ ನೀಲಿ ಕೇಬಲನ್ನು ಎಳೆದೆ. ಎರಡೂ ಯಂತ್ರಗಳು ತಾವೇ ಪ್ರೈಮರಿ ಎಂದು ಬರೆಯತೊಡಗಿದವು. ಕೇಬಲ್ ಮರಳಿ ಹಾಕಿದಾಗ ಪರದೆಯ ಮೇಲೆ ‘ಸ್ಟ್ಯಾಂಡ್ ಅಲೋನ್’ ಎಂದಿತ್ತು, ಅಂದರೆ ಎರಡೂ ಮತ್ತೆ ಸೇರದೆ ಒಂಟಿಯಾಗಿ ನಿಂತಿದ್ದವು. ಒಂದು ಬದಿಯ ಬರಹವನ್ನು ನಾನೇ ಕೈಯಾರೆ ಬಿಟ್ಟುಕೊಡಬೇಕಾಯಿತು. 2018ರ ಅಕ್ಟೋಬರ್ 21ರಂದು ಪ್ರೋಗ್ರಾಂಗಳನ್ನು ಇಡುವ ತಾಣವಾದ ಗಿಟ್‌ಹಬ್‌ನ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರ್‌ನ ಸಂಪರ್ಕ ಕಡಿದದ್ದು ಕೇವಲ 43 ಸೆಕೆಂಡ್. ಎರಡೂ ಕರಾವಳಿಗಳಲ್ಲಿ ಬೇರೆ ಬೇರೆ ಬರಹಗಳು ಉಳಿದು, ಸೇವೆ ಪೂರ್ತಿ ಸರಿಹೋಗಲು 24 ಗಂಟೆಗೂ ಹೆಚ್ಚು ಹಿಡಿಯಿತು. ಅದು ಡೇಟಾಬೇಸ್ ಮಟ್ಟದ ರೆಪ್ಲಿಕೇಷನ್ (ಪ್ರತಿ ಇಡುವಿಕೆ), ಆದರೆ ಗಂಟು ಇದೇ. ಆ ದಿನವೇ ಡಿಸ್ಕ್ ಇಲ್ಲದ ಮೂರನೆಯ ಸಣ್ಣ ಯಂತ್ರವೊಂದನ್ನು ಸಾಕ್ಷಿಯಾಗಿ ಸೇರಿಸಿ ಡಿಆರ್‌ಬಿಡಿ 9ರ ಕೋರಂ, ಅಂದರೆ ಬಹುಮತವಿರುವ ಕಡೆ ಮಾತ್ರ ಬರೆಯಲು ಬಿಡುವ ನಿಯಮ, ಹಾಕಿದೆ.

ಹಾಗಾಗಿ ಈಗ ಎರಡೂ ಓಡುತ್ತಿವೆ: ಕಟ್ಟಡದೊಳಗೆ ‘ಸಿ’, ಮೈಸೂರಿಗೆ ಸ್ನ್ಯಾಪ್‌ಶಾಟ್. ಒಂದಕ್ಕೇ ಹಣವಿದೆ ಎನ್ನುವವರಿಗೆ ನಾನು ಹೇಳುವುದು ಮೈಸೂರಿನದನ್ನು. ಸರ್ವರ್ ಕೆಟ್ಟರೆ ಅರ್ಧ ದಿನ ಕಾಯಬಹುದು. 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಡೇಟಾ ಸೆಂಟರ್ ಕಂಪನಿಯ ಒಂದು ಕಟ್ಟಡ ಸುಟ್ಟು ಹೋಗಿ, ಪಕ್ಕದ ಕಟ್ಟಡದ ಒಂದು ಭಾಗವೂ ಬೆಂಕಿಗೆ ಸಿಕ್ಕಿತು. ಪಕ್ಕದ ಕೋಣೆಯ ಪ್ರತಿ ಅಂಥ ದಿನ ಉಳಿಯುವುದಿಲ್ಲ.

ಮೈಸೂರಿನಿಂದ ಸೇವೆ ಎಬ್ಬಿಸುವ ಮೊದಲ ತಾಲೀಮಿಗೆ 50 ನಿಮಿಷ ಬೇಕಾಯಿತು. ದತ್ತಾಂಶ ತಯಾರಿತ್ತು, ಆದರೆ ಶಾಖೆಗಳ ಕಂಪ್ಯೂಟರ್‌ಗಳಲ್ಲಿ ಹಳೆಯ ಐಪಿ ವಿಳಾಸವನ್ನೇ ನೇರವಾಗಿ ಬರೆದಿಟ್ಟಿದ್ದರು. ಅದನ್ನು ತಿದ್ದಿ ಮತ್ತೊಮ್ಮೆ ಮಾಡಿದಾಗ 12 ನಿಮಿಷವಾಯಿತು. ಮುಂದಿನ ತಾಲೀಮು ಎರಡನೆಯ ಶನಿವಾರ, ಈ ಸಲ ಕೀಲಿಮಣೆಯ ಮುಂದೆ ಕೂರುವವನು ನನ್ನ ಸಹೋದ್ಯೋಗಿ. ನಾನು ಫೋನಿನಲ್ಲೂ ಸಿಗುವುದಿಲ್ಲ.