ಮದುವೆ ವಿಡಿಯೋಗಳಿಗೆ ಗ್ಲೇಸಿಯರ್ ಡೀಪ್ ಆರ್ಕೈವ್: ಕೆಲವು ವರ್ಷ ಬಳಸಿದ ಮೇಲೆ

ಕೊಪ್ಪಳದಲ್ಲಿ ನಮ್ಮದು ಮದುವೆ ಫೋಟೊ, ವಿಡಿಯೋ ಮಾಡುವ ಸ್ಟುಡಿಯೋ. ಆಲ್ಬಂ ಕೊಟ್ಟ ಮೇಲೆ ಮೂಲ ಫೈಲ್‌ಗಳನ್ನು ವರ್ಷಗಟ್ಟಲೆ ಯಾರೂ ಕೇಳುವುದಿಲ್ಲ. ಆದರೆ ಮನೆಯ ಹಿರಿಯರು ತೀರಿಕೊಂಡಾಗ ಫೋನ್ ಬರುತ್ತದೆ: "ಅಣ್ಣಾರ, ನಮ್ಮ ಮದುವಿ ವಿಡಿಯೋ ಇನ್ನೂ ಐತೇನ್ರಿ? ಅದರಾಗ ನಮ್ಮಪ್ಪ ಮಾತಾಡ್ಯಾರ." ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಹಳೆಯ ಕೆಲಸವನ್ನೆಲ್ಲ ಅಮೆಜಾನ್‌ನ ಎಸ್3 ಗ್ಲೇಸಿಯರ್ ಡೀಪ್ ಆರ್ಕೈವ್‌ಗೆ ಹಾಕಿದ್ದೇನೆ. ಅಪರೂಪಕ್ಕೆ ತೆಗೆಯುವ ಫೈಲ್‌ಗಳನ್ನು ಇಂಟರ್ನೆಟ್ ಮೂಲಕ ಕಳಿಸಿ, ತಿಂಗಳ ಬಾಡಿಗೆಗೆ ಇಡುವ ಜಾಗ ಇದು. ಕಪಾಟಿನ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇದೆ; ನಮ್ಮೂರ ಬೇಸಿಗೆಯಲ್ಲಿ ಅದೊಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ.

2019ರಲ್ಲಿ ಬಂದ ಈ ಸೇವೆಗೆ ಅಮೆರಿಕದ ವರ್ಜೀನಿಯಾ ಕೇಂದ್ರದಲ್ಲಿ 1 ಟಿಬಿಗೆ (ಸುಮಾರು ಸಾವಿರ ಜಿಬಿ) ತಿಂಗಳಿಗೆ ಸುಮಾರು 1 ಡಾಲರ್. ಕೇಂದ್ರ ಬದಲಾದರೆ ದರವೂ ಬದಲಾಗುತ್ತದೆ, ಮೇಲೆ ಜಿಎಸ್‌ಟಿ.

ಲೆಕ್ಕ ಹಾಕಬೇಕಾದದ್ದು ವಾಪಸ್ ತರಿಸುವ ಖರ್ಚು. ಹೊರಗೆ ಇಳಿಸಿಕೊಳ್ಳಲು ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಜಿಬಿಗೆ 9 ಸೆಂಟ್. ಒಂದು ಮನೆಯವರ ವಿಡಿಯೋ ತರಿಸಿದರೆ ಬಿಲ್ ಗಮನಕ್ಕೇ ಬರುವುದಿಲ್ಲ. ಇಡೀ 1 ಟಿಬಿ ಒಂದೇ ಸಲ ತರಿಸಿದರೆ 80 ಡಾಲರ್ ದಾಟುತ್ತದೆ, ಅಂದರೆ ಆರು ವರ್ಷ ಇಟ್ಟ ಬಾಡಿಗೆಗಿಂತ ಹೆಚ್ಚು! ಕಪಾಟಿನ ಡಿಸ್ಕ್ ಕೆಟ್ಟ ದಿನಕ್ಕೆ ಈ ದುಡ್ಡು ತೆಗೆದಿಟ್ಟಿರಬೇಕು. ಕೇಳಿದ ಕೂಡಲೇ ಫೈಲ್ ಸಿಗುವುದೂ ಇಲ್ಲ: ತರಿಸಲು ಎರಡು ಬಗೆ, ಸ್ಟ್ಯಾಂಡರ್ಡ್ ಆದರೆ 12 ಗಂಟೆಯೊಳಗೆ, ಅಗ್ಗದ ಬಲ್ಕ್ ಆದರೆ 48 ಗಂಟೆಯೊಳಗೆ. ನಾನು ಗಿರಾಕಿಗಳಿಗೆ "ಮೂರು ದಿನ ಬಿಟ್ಟು ಬರ್ರಿ" ಎನ್ನುತ್ತೇನೆ, ಯಾರೂ ಬೇಸರ ಮಾಡಿಕೊಂಡಿಲ್ಲ. 180 ದಿನದೊಳಗೆ ಅಳಿಸಿದರೂ ಪೂರ್ತಿ 180 ದಿನದ ಬಾಡಿಗೆ ಬೀಳುತ್ತದೆ. ಹಾಗಾಗಿ ಎಡಿಟಿಂಗ್ ನಡೆಯುತ್ತಿರುವುದನ್ನು ಇಲ್ಲಿ ಹಾಕಬೇಡಿ.

ಅರಿಶಿನ, ಮುಹೂರ್ತ, ಆರತಕ್ಷತೆ ಎಂದು ಬೇರೆ ಬೇರೆ ಜಿಪ್ (ಹಲವು ಫೈಲ್ ಸೇರಿಸಿ ಕಟ್ಟಿದ ಒಂದೇ ಫೈಲ್) ಮಾಡಿ. ಫೋಟೊಗಳನ್ನು ಬಿಡಿಬಿಡಿಯಾಗಿ ಹಾಕಿದರೆ ಪ್ರತಿ ಸಾವಿರ ಫೈಲ್‌ಗೆ ಹಾಕುವ ಶುಲ್ಕವೇ 5 ಸೆಂಟ್. ಎಲ್ಲವನ್ನೂ ಒಂದೇ ದೊಡ್ಡ ಜಿಪ್ ಮಾಡಿದರೆ ಒಂದು ಫೋಟೊಗೂ ಪೂರ್ತಿ ತರಿಸಬೇಕು. 100 ಎಂಬಿಪಿಎಸ್ ಫೈಬರ್‌ನಲ್ಲೂ 1 ಟಿಬಿ ಏರಲು ಕನಿಷ್ಠ 22 ಗಂಟೆ. ಏರಿಸಲು ಆರ್‌ಕ್ಲೋನ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ. ಕರೆಂಟ್ ಹೋದರೆ ಮುಗಿದ ಫೈಲ್‌ಗಳನ್ನು ಅದು ಬಿಟ್ಟು ಮುಂದೆ ಹೋಗುತ್ತದೆ, ಅರ್ಧವಾದದ್ದನ್ನು ಮಾತ್ರ ಮೊದಲಿಂದ ಕಳಿಸುತ್ತದೆ. ಸಣ್ಣ ಜಿಪ್‌ಗಳ ಲಾಭ ಇಲ್ಲೂ ಇದೆ. ಯಾವ ಜಿಪ್‌ನಲ್ಲಿ ಯಾರ ಮದುವೆ ಎಂಬ ಪಟ್ಟಿ ನಿಮ್ಮ ಹತ್ತಿರವೇ ಇರಲಿ.

ಪದೇ ಪದೇ ತೆಗೆಯುವವರಿಗೆ ಇಂಥದ್ದೇ ಇನ್ನೊಂದು ಕಂಪನಿಯ ಸೇವೆ ಬ್ಯಾಕ್‌ಬ್ಲೇಜ್ ಬಿ2 ವಾಸಿ. 2023ರ ಅಕ್ಟೋಬರ್‌ನಲ್ಲಿ ಅದರ ದರ ಟಿಬಿಗೆ ತಿಂಗಳಿಗೆ 6 ಡಾಲರ್ ಆಯಿತು, ಜೊತೆಗೆ ಇಟ್ಟಿದ್ದರ ಮೂರು ಪಟ್ಟು ಡೌನ್‌ಲೋಡ್ ಉಚಿತವಾಯಿತು. ನಮ್ಮಂಥ ಸ್ಟುಡಿಯೋಗೆ ಡೀಪ್ ಆರ್ಕೈವೇ ಸಾಕು. ಐದಕ್ಕೆ ನಾಲ್ಕು ಸ್ಟಾರ್. ಒಂದನ್ನು ಕಡಿಮೆ ಮಾಡಿದ್ದು ಇಳಿಸಿಕೊಳ್ಳುವ ದರಕ್ಕೆ.