ಪಟ್ಟಾಯ ಪ್ಯಾಕೇಜ್: ಹಗಲಿಗೆ ನಾಲ್ಕು ನಕ್ಷತ್ರ, ರಾತ್ರಿಗೆ ಒಂದು

ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟವರಿಗೆ ಥಾಯ್ಲೆಂಡ್ ಅಪರಿಚಿತ ಹೆಸರೇನಲ್ಲ. ಹಂಗಾಮಿನಲ್ಲಿ ಕಂಪನಿ ಕೊಟ್ಟ ಟಾರ್ಗೆಟ್ ಮುಟ್ಟಿಸಿದ ಡೀಲರ್‌ಗಳನ್ನು ಬ್ಯಾಂಕಾಕ್, ಪಟ್ಟಾಯಕ್ಕೆ ಕರೆದೊಯ್ಯುವುದು ಈ ವ್ಯಾಪಾರದಲ್ಲಿ ರೂಢಿಯಾಗಿಬಿಟ್ಟಿದೆ. ಆ ಯೋಗ ಕೂಡಿಬಾರದವರು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ನಾಲ್ಕು ಗೆಳೆಯರನ್ನು ಸೇರಿಸಿಕೊಂಡು ಸ್ವಂತ ಖರ್ಚಿನಲ್ಲಿಯೇ ಹೋಗಿ ಬರುತ್ತಾರೆ. ಹೀಗೆ ಹೋಗುವವರಿಗೆ ವಿಮಾನ, ಹೋಟೆಲು, ಊಟ, ಬಸ್ಸು ಎಲ್ಲವನ್ನೂ ಒಂದೇ ದರಕ್ಕೆ ಒದಗಿಸುವ ನಮ್ಮ ಊರಿನ ಒಂದು ಟ್ರಾವೆಲ್ಸ್‌ನ ಸೇವೆಯನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಹೆಸರು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಕಂಡಷ್ಟರಲ್ಲಿ ಈ ಕೊರತೆ ಇವರೊಬ್ಬರದಲ್ಲ.

ಹಗಲಿನ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಲಬುರಗಿಯಿಂದ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದವರೆಗಿನ ಬಸ್ಸು ಹೇಳಿದ ಹೊತ್ತಿಗೆ ಹೊರಟಿತು, ಹೋಟೆಲಿನ ಕೋಣೆಗಳು ಸ್ವಚ್ಛವಾಗಿದ್ದವು, ಸಸ್ಯಾಹಾರಿಗಳಿಗೆ ಎರಡು ಹೊತ್ತು ಭಾರತೀಯ ಊಟ ತಪ್ಪಲಿಲ್ಲ. (ಆದರೂ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಟ್ಟಿಕೊಂಡು ಬಂದವರೇ ಎಲ್ಲರಿಗಿಂತ ಸಂತೋಷವಾಗಿದ್ದರು.) ಥಾಯ್ಲೆಂಡ್ ಪ್ರವೇಶಕ್ಕೆ 2025ರ ಮೇ 1ರಿಂದ ಕಡ್ಡಾಯವಾಗಿರುವ ಡಿಜಿಟಲ್ ಆಗಮನ ಪತ್ರವನ್ನು ಅವರೇ ತುಂಬಿಕೊಟ್ಟರು. ಸರ್ಕಾರಿ ಜಾಲತಾಣದಲ್ಲಿ ಅದು ಉಚಿತವೆಂಬುದನ್ನು ಮಾತ್ರ ಹೇಳದೆ ಸೇವಾಶುಲ್ಕ ಹಿಡಿದರು. ಕೋರಲ್ ದ್ವೀಪಕ್ಕೆ ಹೋಗುವ ದಿನ ಗೈಡ್ ಬಾಡಿಗೆ ಜೆಟ್‌ಸ್ಕಿಯನ್ನು ನೀರಿಗಿಳಿಸುವ ಮೊದಲೇ ಸುತ್ತಲೂ ವಿಡಿಯೊ ಮಾಡಿಸಿದ್ದು ನಿಜಕ್ಕೂ ಮೆಚ್ಚಬೇಕಾದ ಕೆಲಸ. ಹಳೆಯ ಗೀರುಗಳನ್ನು ತೋರಿಸಿ ಪ್ರವಾಸಿಗರಿಂದ ಪರಿಹಾರ ವಸೂಲು ಮಾಡುವ ದಂಧೆ ಪಟ್ಟಾಯದಲ್ಲಿ ಬಹಳ ಹಳೆಯದು.

ಜೆಟ್‌ಸ್ಕಿಯ ವಿಷಯದಲ್ಲಿ ಇಷ್ಟು ಜಾಗರೂಕರಾದವರು ರಾತ್ರಿಯ ವಿಷಯ ಬಂದ ಕೂಡಲೇ ಮೌನಿಗಳಾದರು. ಕಾರ್ಯಕ್ರಮ ಪಟ್ಟಿಯಲ್ಲಿ ಸಂಜೆ ಏಳರ ನಂತರದ ಜಾಗದಲ್ಲಿ ‘ವಾಕಿಂಗ್ ಸ್ಟ್ರೀಟ್, ಸ್ವಂತ ಖರ್ಚಿನಲ್ಲಿ’ ಎಂಬ ಒಂದು ಸಾಲು ಇತ್ತು. ವಾಕಿಂಗ್ ಸ್ಟ್ರೀಟ್ ಎಂದರೆ ಪಟ್ಟಾಯದ ಬಾರುಗಳ ಬೀದಿ. ಅಲ್ಲಿ ಹಣದ ವ್ಯವಹಾರ ಹೇಗೆ ನಡೆಯುತ್ತದೆ, ಯಾವುದರಿಂದ ದೂರವಿರಬೇಕು ಎಂದು ನಾನು ಕೇಳಿದಾಗ, ಜೊತೆಗೆ ಬಂದ ಮ್ಯಾನೇಜರ್ ನಕ್ಕು, “ಸಾವ್ಕಾರ್ರೇ, ಅದೆಲ್ಲಾ ಬಾಯಿಬಿಟ್ಟು ಹೇಳೂದಲ್ರೀ, ನಿಮಗ ಗೊತ್ತೇ ಅದ,” ಎಂದರು. ಗೊತ್ತಿದ್ದವರು ಗುಂಪಿನಲ್ಲಿ ಕೆಲವರು ಇದ್ದದ್ದು ನಿಜ. ಗೊತ್ತಿಲ್ಲದವರೇ ಹೆಚ್ಚಿದ್ದರು, ಮತ್ತು ಗೊತ್ತಿಲ್ಲವೆಂದು ಹೇಳಿಕೊಳ್ಳಲು ಅವರಿಗೆ ನಾಚಿಕೆಯಿತ್ತು. ಪ್ಯಾಕೇಜ್ ಕೊಳ್ಳುವವರಲ್ಲಿ ಬಹಳ ಮಂದಿ ಆ ಒಂದು ಸಾಲನ್ನು ನೋಡಿಯೇ ಮುಂಗಡ ಕೊಡುತ್ತಾರೆಂಬುದು ಮಾರುವವರಿಗೂ ತಿಳಿದಿದೆ. ಮಾರುವಾಗ ಕಣ್ಣು ಮಿಟುಕಿಸಿ, ಕಾಪಾಡುವ ಹೊತ್ತಿನಲ್ಲಿ ಮರ್ಯಾದೆಯ ಮುಸುಕು ಹೊದ್ದುಕೊಳ್ಳುವುದೇ ಈ ಸೇವೆಯ ಮೇಲಿನ ನನ್ನ ಮುಖ್ಯ ಆಕ್ಷೇಪ.

ಅವರು ಹೇಳದೆ ಬಿಟ್ಟದ್ದೇನೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಥಾಯ್ಲೆಂಡಿನಲ್ಲಿ ವೇಶ್ಯಾವಾಟಿಕೆ ಕಾನೂನುಬಾಹಿರ. 1996ರ ಕಾಯ್ದೆ ಅದನ್ನು ನಿಷೇಧಿಸುತ್ತದೆ. ಬೀದಿಯಲ್ಲಿ ಎಲ್ಲವೂ ಬಹಿರಂಗವಾಗಿ ನಡೆಯುವುದನ್ನು ಕಂಡವರು ಇದು ಸರ್ಕಾರದ ಪರವಾನಗಿ ಪಡೆದ ವ್ಯವಹಾರವೆಂದು ಭಾವಿಸುತ್ತಾರೆ, ಆದರೆ ಅಲ್ಲಿರುವುದು ಕಂಡೂ ಕಾಣದಂತಿರುವ ಧೋರಣೆ ಮಾತ್ರ. ಆದ್ದರಿಂದ ಬೆಲೆಯ ಬಗ್ಗೆ ಜಗಳವಾದರೆ ದೂರು ಕೊಡುವವನ ಕಾಲ ಕೆಳಗೆ ಗಟ್ಟಿ ನೆಲವಿರುವುದಿಲ್ಲ. ಹದಿನೆಂಟು ತುಂಬದವರ ವಿಷಯದಲ್ಲಂತೂ ಗ್ರಾಹಕನಿಗೆ ಜೈಲು ಶಿಕ್ಷೆಯಿದೆ. ಅಲ್ಲಿನ ಬಾರುಗಳಿಗೆ ಪ್ರವೇಶಿಸುವ ವಯಸ್ಸೇ ಇಪ್ಪತ್ತು. ವಯಸ್ಸಿನ ಬಗ್ಗೆ ಎಳ್ಳಷ್ಟು ಸಂಶಯ ಬಂದರೂ ಅಲ್ಲಿಂದ ಎದ್ದು ಬರುವುದೊಂದೇ ದಾರಿ.

ಬಿಯರ್ ಬಾರಿನಲ್ಲಿ ಕುಳಿತವನ ಮುಂದೆ ಒಂದು ಚಿಕ್ಕ ಲೋಟ ಇಟ್ಟು, ಪ್ರತಿ ಪಾನೀಯದ ಚೀಟಿಯನ್ನು ಅದರಲ್ಲಿ ಹಾಕುತ್ತ ಹೋಗುತ್ತಾರೆ. ಮಾತನಾಡಲು ಬಂದು ಕುಳಿತ ಹೆಣ್ಣುಮಗಳು ‘ಲೇಡಿ ಡ್ರಿಂಕ್’ ಕೇಳಿದರೆ ಅದಕ್ಕೆ ಮಾಮೂಲು ದರಕ್ಕಿಂತ ಹೆಚ್ಚು ಬೆಲೆ, ಮತ್ತು ಅದರಲ್ಲಿ ಅವಳಿಗೊಂದು ಪಾಲು. ಅಷ್ಟು ಹೊತ್ತು ಅವಳ ಜೊತೆ ಕುಳಿತು ಹರಟುವುದಕ್ಕೆ ಕೊಡುವ ಹಣ ಅದೇ. ಅವಳನ್ನು ಬಾರಿನಿಂದ ಹೊರಗೆ ಕರೆದೊಯ್ಯಬೇಕಾದರೆ ಬಾರಿಗೆ ‘ಬಾರ್ ಫೈನ್’ ಬೇರೆ ಕಟ್ಟಬೇಕು, ಆಮೇಲಿನ ಮಾತು ಅವಳೊಂದಿಗೆ ಮತ್ತೆ ಬೇರೆ. ಈ ಮೂರು ಲೆಕ್ಕ ಗೊತ್ತಿಲ್ಲದವನು ಎರಡನೆಯದನ್ನು ಕೊಟ್ಟು ಎಲ್ಲ ಮುಗಿಯಿತೆಂದುಕೊಂಡು, ಬೆಳಗಿನ ಜಾವ ಹೋಟೆಲಿನ ಬಾಗಿಲಲ್ಲಿ ಗದ್ದಲ ಮಾಡುತ್ತಾನೆ. ಬಾರಿನಲ್ಲಿ ತೂಗುಬಿಟ್ಟ ಗಂಟೆಯನ್ನು ಬಾರಿಸಿದವನು ಅಲ್ಲಿದ್ದವರೆಲ್ಲರಿಗೂ ಕುಡಿಸಬೇಕೆಂಬುದು ರೂಢಿ. ಗಂಟೆ ಕಂಡರೆ ಬಾರಿಸುವ ನಮ್ಮವರ ಕೈ ಅಲ್ಲಿ ಕಿಸೆಯಲ್ಲಿರುವುದು ಒಳ್ಳೆಯದು. ಚೌಕಾಶಿ ಮಾಡುವಾಗ ಆ ಹೆಣ್ಣುಮಕ್ಕಳನ್ನು ಕನ್ನಡದಲ್ಲಿ ಹೀಯಾಳಿಸಿ ನಗುವವರನ್ನೂ ಕಂಡೆ. ಭಾಷೆ ತಿಳಿಯದಿದ್ದರೂ ನಗೆ ತಿಳಿಯುತ್ತದೆ, ಮತ್ತು ಅಲ್ಲಿನ ಬಹುತೇಕ ಜಗಳಗಳು ಹಣಕ್ಕಿಂತ ಮೊದಲು ಈ ನಗೆಯಿಂದಲೇ ಶುರುವಾಗುತ್ತವೆಂಬುದು ನನ್ನ ಅಭಿಪ್ರಾಯ.

ಬೆಲೆ ಬರೆದಿಟ್ಟ ಜಾಗದಲ್ಲಿ ಅಪಾಯ ಕಡಿಮೆ, ಬೀದಿಯಲ್ಲಿ ಕೈಹಿಡಿದು ಕರೆದೊಯ್ಯುವ ಕಡೆ ಹೆಚ್ಚು. ಬ್ಯಾಂಕಾಕಿನ ಪಟ್‌ಪೋಂಗ್‌ನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕಾರ್ಡು ಹಿಡಿದ ದಲ್ಲಾಳಿಗಳು ‘ಪ್ರವೇಶ ಉಚಿತ’ ಎಂದು ಮಹಡಿಯ ಮೇಲಿನ ಬಾರುಗಳಿಗೆ ಕರೆದೊಯ್ಯುತ್ತಾರೆ. ಇಳಿಯುವಾಗ ಕೇಳದ ಪ್ರದರ್ಶನಕ್ಕೂ ಬಿಲ್ಲು ಬರುತ್ತದೆ, ಮೆಟ್ಟಿಲ ಬಳಿ ಇಬ್ಬರು ಗಟ್ಟಿಗರು ನಿಂತಿರುತ್ತಾರೆ. ಹಿಂದಿಯಲ್ಲಿ ಕರೆದರೆಂದ ಮಾತ್ರಕ್ಕೆ ಆ ದಲ್ಲಾಳಿ ನಮ್ಮವನಾಗುವುದಿಲ್ಲ. ಡೇಟಿಂಗ್ ಆ್ಯಪ್‌ಗಳಲ್ಲಿಯೂ ಇದೇ ಆಟದ ಇನ್ನೊಂದು ರೂಪವಿದೆ: ಪರಿಚಯವಾದವರು ಇಂಥದೇ ಬಾರಿನಲ್ಲಿ ಭೇಟಿಯಾಗೋಣವೆಂದು ಹಟ ಹಿಡಿದರೆ, ಅಥವಾ ಬರುವ ಮೊದಲೇ ಮುಂಗಡ ಕಳುಹಿಸಲು ಹೇಳಿದರೆ, ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ವಿಡಿಯೊ ಕರೆಯನ್ನು ದಾಖಲಿಸಿಕೊಂಡು ಬೆದರಿಸುವವರ ಕರೆಗಳು ಊರಿಗೆ ಮರಳಿದ ಮೇಲೂ ಬರಬಹುದು. ಮನೆಯವರಿಗೆ ತಿಳಿದೀತೆಂಬ ಅಂಜಿಕೆಯೇ ಅವರ ಬಂಡವಾಳ. ಒಂದು ಸಲ ಹಣ ಕೊಟ್ಟರೆ ಅವರು ಮತ್ತೆ ಕೇಳುತ್ತಾರೆ. ಕೊಡುವುದರ ಬದಲು ಭಾರತದಲ್ಲಿ 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ಅಪರಾಧದ ದೂರು ದಾಖಲಿಸಬಹುದು.

ನಮ್ಮ ಗುಂಪಿನಲ್ಲಿ ಇಂಥ ಬಿಲ್ಲಿನ ಪೆಟ್ಟು ತಿಂದವರು ಜೇವರ್ಗಿ ಕಡೆಯ ಹಿರಿಯ ಡೀಲರ್ ಒಬ್ಬರು. ನಡುರಾತ್ರಿ ಬಾರಿನಿಂದಲೇ ನನಗೆ ಫೋನ್ ಮಾಡಿ, “ತಮ್ಮಾ, ಇವರು ಹೊರಗ ಬಿಡವಲ್ಲರು, ನೀ ಲಗೂನ ಬಾ,” ಎಂದರು. ಗೈಡಿನ ಫೋನ್ ಸ್ವಿಚ್ ಆಫ್ ಆಗಿತ್ತು, ಮ್ಯಾನೇಜರ್ ಎತ್ತಲಿಲ್ಲ. ಪ್ರವಾಸಿ ಪೊಲೀಸರ 1155 ಸಂಖ್ಯೆಗೆ ಕರೆ ಮಾಡಿದಾಗ ಇಂಗ್ಲಿಷಿನಲ್ಲಿ ಉತ್ತರ ಬಂತು, ಬಾರಿನ ಹೆಸರು ಮತ್ತು ಬೀದಿ ಕೇಳಿದರು. ಆ ಕರೆ ನಡೆಯುತ್ತಿದೆಯೆಂದು ತಿಳಿದ ಮೇಲೆಯೇ ಬಿಲ್ಲಿನಲ್ಲಿದ್ದ ಬೇಡದ ಸಾಲುಗಳು ಒಂದೊಂದಾಗಿ ಹೊಡೆದು ಹೋದವು. ಕುಡಿದದ್ದಕ್ಕೆ ಹಣ ಕೊಟ್ಟು ಅವರು ಹೊರಬಂದರು. ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುವ ಈ ಉಚಿತ ಸೇವೆ, ನಾವು ಹಣ ತೆತ್ತು ಕೊಂಡ ಸೇವೆಗಿಂತ ಆ ರಾತ್ರಿ ಹೆಚ್ಚು ಬೆಲೆಯುಳ್ಳದ್ದಾಗಿತ್ತು. ಸಂಖ್ಯೆಯನ್ನು ಫೋನಿನಲ್ಲಿ ಮಾತ್ರವಲ್ಲ, ಕಾಗದದಲ್ಲಿಯೂ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಅಂಥ ಹೊತ್ತಿನಲ್ಲಿ ಮೊದಲು ಕಳುವಾಗುವುದು ಫೋನೇ. ಆಂಬುಲೆನ್ಸ್ ಬೇಕಾದರೆ 1669.

ಬೀದಿಯ ಬಗ್ಗೆಯೂ ಒಂದೆರಡು ಮಾತು ಉಳಿದಿವೆ. ನಮ್ಮ ಕಡೆಯ ಗಂಡಸರು ಕೊರಳಿನ ಚಿನ್ನದ ಸರವನ್ನು ಅಂಗಿಯ ಮೇಲೆಯೇ ಕಾಣಿಸುವಂತೆ ಹಾಕಿಕೊಳ್ಳುತ್ತಾರೆ. ಪಟ್ಟಾಯದ ಬೀಚ್ ರಸ್ತೆಯಲ್ಲಿ ಸಲುಗೆಯಿಂದ ತಬ್ಬಿಕೊಂಡಂತೆ ಮಾಡಿ ಭಾರತೀಯರ ಸರ ಕಿತ್ತ ಪ್ರಕರಣಗಳು ಮತ್ತೆ ಮತ್ತೆ ಸುದ್ದಿಯಾಗಿವೆ. ಸರ ಊರಿನ ತಿಜೋರಿಯಲ್ಲಿಯೇ ಇರಲಿ. ತಡರಾತ್ರಿ ಹೋಟೆಲಿಗೆ ಮರಳಲು ಗ್ರ್ಯಾಬ್ ಅಥವಾ ಬೋಲ್ಟ್ ಟ್ಯಾಕ್ಸಿ ಆ್ಯಪ್ ಬಳಸಿದರೆ ದರದ ಜಗಳವಿಲ್ಲ, ಗಾಡಿಯ ನಂಬರು ಕೋಣೆಯ ಗೆಳೆಯನಿಗೆ ಕಳುಹಿಸಬಹುದು. ಬೈಕ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಇಡಬಾರದು. ಬಿಟ್ಟು ಎದ್ದುಹೋದ ಲೋಟವನ್ನು ಮರಳಿ ಬಂದು ಕುಡಿಯಬಾರದು. ಪಾನೀಯದಲ್ಲಿ ನಿದ್ರೆಯ ಔಷಧಿ ಬೆರೆಸಿ ದೋಚುವುದು ಅಲ್ಲಿ ಕಟ್ಟುಕಥೆಯಲ್ಲ. ರಾತ್ರಿ ಬರುವ ಅತಿಥಿಯ ಗುರುತಿನ ಚೀಟಿಯನ್ನು ಕೌಂಟರಿನಲ್ಲಿ ಇಟ್ಟುಕೊಳ್ಳುವ ಹೋಟೆಲುಗಳ ಪದ್ಧತಿಗೆ ಮುಜುಗರಪಟ್ಟು ಸಿಟ್ಟಾಗುವವರಿದ್ದಾರೆ. ವಾಸ್ತವದಲ್ಲಿ ಅದು ಕಳ್ಳತನದಿಂದ ನಿಮ್ಮನ್ನು ಕಾಯುವ ವ್ಯವಸ್ಥೆ. ಇನ್ನು ಆರೋಗ್ಯ: ಕಾಂಡೋಮ್ ಅಲ್ಲಿನ ಪ್ರತಿ ಸಣ್ಣ ಅಂಗಡಿಯಲ್ಲಿ ಸಿಗುತ್ತದೆ, ಮತ್ತು ಎಚ್‌ಐವಿ ಸೋಂಕಿನ ಭಯ ಹುಟ್ಟಿಸುವ ಪ್ರಸಂಗವಾದರೆ 72 ಗಂಟೆಯೊಳಗೆ ವೈದ್ಯರನ್ನು ಕಂಡು ತಡೆಗಟ್ಟುವ ಔಷಧಿ ಆರಂಭಿಸಬೇಕು. ಊರಿಗೆ ಮರಳಿದ ಮೇಲೆ ನೋಡಿದರಾಯಿತೆಂದು ಕಾಯುವಷ್ಟು ಸಮಯ ಅದರಲ್ಲಿಲ್ಲ.

ಇದಾವುದೂ ಗುಟ್ಟಿನ ವಿದ್ಯೆಯಲ್ಲ. ಶಂಷಾಬಾದಿನಲ್ಲಿ ಬೋರ್ಡಿಂಗ್‌ಗೆ ಕಾಯುತ್ತ ಕುಳಿತಾಗ ಅರ್ಧ ಗಂಟೆ ಕನ್ನಡದಲ್ಲಿ ಹೇಳಿ, ಒಂದು ಹಾಳೆ ಕೈಗೆ ಕೊಟ್ಟು, ರಾತ್ರಿ ಎರಡರವರೆಗೆ ಎತ್ತುವ ಒಂದು ಫೋನ್ ನಂಬರು ಇಟ್ಟಿದ್ದರೆ ಈ ಸಂಸ್ಥೆಗೆ ಐದಕ್ಕೆ ನಾಲ್ಕು ನಕ್ಷತ್ರ ನಿಸ್ಸಂಕೋಚವಾಗಿ ಕೊಡುತ್ತಿದ್ದೆ. ಈಗ ಹಗಲಿಗೆ ನಾಲ್ಕು, ರಾತ್ರಿಗೆ ಒಂದು. ಆ ಒಂದು ಕೂಡ ಹೋಟೆಲನ್ನು ವಾಕಿಂಗ್ ಸ್ಟ್ರೀಟಿನಿಂದ ದೂರದಲ್ಲಿ, ಬೆಳಕಿರುವ ರಸ್ತೆಯಲ್ಲಿ ಆರಿಸಿದ್ದಕ್ಕೆ. ಕುಟುಂಬ ಸಮೇತ ಹೋಗುವವರಿಗೆ ಈ ಪ್ಯಾಕೇಜ್ ಧಾರಾಳವಾಗಿ ಸಾಕು. ಗೆಳೆಯರ ಗುಂಪು ಕಟ್ಟಿಕೊಂಡು ಹೋಗುವವರು ಮುಂಗಡ ಕೊಡುವ ಮೊದಲು ಆ ರಾತ್ರಿಯ ನಂಬರನ್ನು ಕೇಳಿ ಬರೆಸಿಕೊಳ್ಳಲಿ. ಕೊಡದಿದ್ದರೆ ಗಂಜಿನಲ್ಲಿ ಬೇರೆ ಟ್ರಾವೆಲ್ಸ್‌ಗಳೂ ಇವೆ.