ಸೆಕೆಗೊಂದು ಬಟನ್: ಮಲ್ಪೆಯ ಮನೆಯಲ್ಲಿ ನಾಲ್ಕು ಬೇಸಿಗೆ ಕಂಡ ಎಸಿ

ಪೆಟ್ಟಿಗೆಯ ಮೇಲೆ ಏನೇನೋ ಬರೆದಿತ್ತು. 1.5 ಟನ್, 5 ಸ್ಟಾರ್, ಇನ್ವರ್ಟರ್, ಆರ್32, ಕಾಪರ್ ಕಾಯಿಲ್. ಸೆಕೆ ಅನ್ನುವ ಮಾತು ಮಾತ್ರ ಎಲ್ಲೂ ಇರಲಿಲ್ಲ. ನಾವು ಎಸಿ ತಂದದ್ದೇ ಸೆಕೆಗೆ.

ನಮ್ಮ ಮನೆ ಮಲ್ಪೆ ಕಡೆ. ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಇಲ್ಲಿ ಬಿಸಿಲು ಕಲಬುರಗಿಯ ಹಾಗೆ ಏರುವುದಿಲ್ಲ. ಏಪ್ರಿಲ್‌ನಲ್ಲಿ 34, 35 ಡಿಗ್ರಿ, ಅಷ್ಟೆ. ಆದರೆ ರಾತ್ರಿ ಹನ್ನೊಂದಾದರೂ ಕುತ್ತಿಗೆಯ ಬೆವರು ಆರುವುದಿಲ್ಲ. ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೂ ತಲೆದಿಂಬು ಒದ್ದೆ. ಗಾಳಿಯಲ್ಲೇ ಅಷ್ಟು ನೀರು ತುಂಬಿರುವಾಗ ಮೈಯ ಬೆವರು ಎಲ್ಲಿಗೆ ಹೋಗಬೇಕು? ಇದು ಸೆಕೆ. ಘಟ್ಟದ ಮೇಲಿನ ನೆಂಟರು ಒಂದು ರಾತ್ರಿ ಉಳಿದರೆ ಸಾಕು, ವಿವರಿಸುವ ಕೆಲಸವೇ ಇಲ್ಲ.

2022ರ ಏಪ್ರಿಲ್‌ನಲ್ಲಿ ಅತ್ತೆಗೆ ಮೈಯೆಲ್ಲ ಬೆವರುಸಾಲೆ ಎದ್ದಾಗ ತಡೆಯಲಾಗದೆ ಅಂಗಡಿಗೆ ಹೋದೆವು. ಕೋಣೆ ಹತ್ತು ಹನ್ನೊಂದು ಅಡಿಯದು. ಮೇಲೆ ಇನ್ನೊಂದು ಮಹಡಿ ಇದೆ, ಹಾಗಾಗಿ ತಾರಸಿಯ ಬಿಸಿ ಇಲ್ಲ. ನಾನು ಒಂದು ಟನ್ ಕೇಳಿದೆ. ಅಂಗಡಿಯ ಹುಡುಗ, “ಅಕ್ಕ, ಸಣ್ಣದು ತಗೊಂಡು ಆಮೇಲೆ ಬೇಜಾರು ಮಾಡ್ಕೊಳ್ಬೇಡಿ, ಒಂದೂವರೆ ತಗೊಳ್ಳಿ, ಬೇಗ ತಂಪಾಗ್ತದೆ” ಅಂದ. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ನಾವೂ ಒಪ್ಪಿದೆವು. ಅಳವಡಿಕೆ ಎಲ್ಲ ಸೇರಿ ಸುಮಾರು 44,000 ರೂಪಾಯಿ ಆಯಿತು.

ಆಗ ನಮಗೆ ಟನ್ ಅಂದರೆ ಲಾರಿಯ ಟನ್. ಎಸಿಯ ಟನ್ನಿಗೂ ತೂಕಕ್ಕೂ ಸಂಬಂಧ ಇದೆ, ಆದರೆ ಅದು ಐಸಿನ ತೂಕ. ಐಸಿನಿಂದಲೇ ತಂಪು ಮಾಡುತ್ತಿದ್ದ ಕಾಲದಲ್ಲಿ ಅಮೆರಿಕದವರು ಹಾಕಿದ ಲೆಕ್ಕ ಇದು. ಅವರ ಒಂದು ಟನ್, ಅಂದರೆ ಸುಮಾರು 907 ಕೆಜಿ ಐಸ್, 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅಷ್ಟು ಬಿಸಿಯನ್ನು ಕೋಣೆಯಿಂದ ಹೊರಗೆ ಹಾಕುವ ಶಕ್ತಿ. ಗಂಟೆಗೆ 12,000 ಬಿಟಿಯು (ಬಿಸಿಯ ಒಂದು ಅಳತೆ) ಅಂತ ಬರೆಯುವುದೂ ಇದನ್ನೇ. ಸುಮಾರು 3.5 ಕಿಲೋವ್ಯಾಟ್. ಬಂದರಿನಲ್ಲಿ ಬೋಟಿಗೆ ಐಸ್ ತುಂಬುವುದನ್ನು ದಿನಾ ನೋಡುವ ನಮಗೆ ಇದನ್ನು ಹೀಗೆ ಹೇಳಿದ್ದರೆ ಒಂದೇ ನಿಮಿಷಕ್ಕೆ ತಿಳಿಯುತ್ತಿತ್ತು. ಮಂಚ, ಕಪಾಟು, ಮೂವರು ಮನುಷ್ಯರು ಇರುವ ಒಂದು ಕೋಣೆಗೆ ದಿನಕ್ಕೆ ಒಂದೂವರೆ ಟನ್ ಐಸ್ ಯಾಕೆ ಅಂತ ಕೇಳುತ್ತಿದ್ದೆವು.

ಮೊದಲ ಬೇಸಿಗೆ ಪೂರ್ತಿ ಒಂದು ವಿಚಿತ್ರ ಅನುಭವ. ಹತ್ತು ನಿಮಿಷದಲ್ಲಿ ಕೋಣೆ ತಂಪು. ಆದರೆ ಹಾಸಿಗೆಯ ಮೇಲಿನ ಬಟ್ಟೆ ಮುಟ್ಟಿದರೆ ತಣ್ಣಗೆ, ಅಂಟಂಟು. ಅತ್ತೆ, “ಚಳಿಯೂ ಆಗ್ತದೆ, ಸೆಕೆಯೂ ಹೋಗ್ಲಿಲ್ಲ” ಅನ್ನುತ್ತಿದ್ದರು. ನಾವು 24 ಇದ್ದದ್ದನ್ನು 22 ಮಾಡಿದೆವು, 20 ಮಾಡಿದೆವು. ಅತ್ತೆಯ ಮಂಡಿ ನೋವು ಜಾಸ್ತಿಯಾಯಿತು. ಅಂಟು ಹೋಗಲಿಲ್ಲ.

ಕಾರಣ ಗೊತ್ತಾದದ್ದು ಎರಡನೇ ವರ್ಷ. ಬೇಸಿಗೆಯಲ್ಲಿ ಸ್ಟೀಲ್ ಲೋಟಕ್ಕೆ ತಣ್ಣನೆಯ ಮಜ್ಜಿಗೆ ಹಾಕಿಟ್ಟರೆ ಹೊರಗೆಲ್ಲ ಹನಿ ಕಟ್ಟುತ್ತದಲ್ಲ, ಎಸಿಯ ಒಳಗೆ ನಡೆಯುವುದೂ ಅದೇ. ಇಂಡೋರ್ ಯೂನಿಟ್‌ನ ಕಾಯಿಲ್ ಆ ಲೋಟ. ಕೋಣೆಯ ಗಾಳಿ ಅದಕ್ಕೆ ತಾಗಿ ನೀರು ಬಿಡುತ್ತದೆ, ಆ ನೀರು ಡ್ರೈನ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಸೆಕೆ ಹೋಗಬೇಕಾದರೆ ಕಾಯಿಲ್ ಸಾಕಷ್ಟು ಹೊತ್ತು ಚೆನ್ನಾಗಿ ತಣ್ಣಗಿರಬೇಕು, ಗಾಳಿ ಅದರ ಮೇಲೆ ನಿಧಾನವಾಗಿ ಹಾಯಬೇಕು. ನಮ್ಮದು ಕೋಣೆಗೆ ಮೀರಿದ ಮೆಷಿನ್. ಹೇಳಿದ ಡಿಗ್ರಿಗೆ ಬೇಗ ಮುಟ್ಟಿ, ಕಂಪ್ರೆಸರ್ ನಿಧಾನವಾಗಿ, ಕಾಯಿಲ್‌ನ ತಣ್ಪೂ ಇಳಿದುಬಿಡುತ್ತಿತ್ತು. ಗಾಳಿಯ ನೀರು ಗಾಳಿಯಲ್ಲೇ ಉಳಿಯುತ್ತಿತ್ತು.

ರಿಮೋಟಿನಲ್ಲಿ ಮೋಡ್ ಅನ್ನುವ ಬಟನ್ ಇದೆ. ಅದನ್ನು ಒತ್ತುತ್ತಾ ಹೋದರೆ ಒಂದು ನೀರಿನ ಹನಿಯ ಚಿತ್ರ ಬರುತ್ತದೆ. ಡ್ರೈ ಮೋಡ್. ಫ್ಯಾನ್ ತಾನಾಗಿಯೇ ಸಣ್ಣದಾಗುತ್ತದೆ, ಮೆಷಿನ್ ನೀರು ತೆಗೆಯುವ ಕೆಲಸಕ್ಕೆ ಇಳಿಯುತ್ತದೆ. 2023ರ ಮೇ ತಿಂಗಳ ಒಂದು ರಾತ್ರಿ ಮಗಳು ಸುಮ್ನೆ ಒತ್ತಿ ನೋಡಿದಳು. ಅರ್ಧ ಗಂಟೆಯಲ್ಲಿ ಅತ್ತೆ ಹೊದಿಕೆಯನ್ನು ಕೈಯಲ್ಲಿ ಸವರಿ, “ಈಗ ಬಟ್ಟೆ ಬಟ್ಟೆ ಥರ ಇದೆ” ಅಂದರು. ಅದಕ್ಕಿಂತ ಚೆನ್ನಾಗಿ ಇದನ್ನು ನಾನು ಹೇಳಲಾರೆ. ಆಮೇಲೆ ತೇವ ಅಳೆಯುವ ಒಂದು ಸಣ್ಣ ಮೀಟರ್ ತರಿಸಿದೆ, 400 ರೂಪಾಯಿ ಒಳಗೆ. ಮಲಗುವ ಮುಂಚೆ ತೇವ ಶೇಕಡಾ 82 ತೋರಿಸಿದರೆ ನಡುರಾತ್ರಿಗೆ 57, 58. ಡಿಗ್ರಿ ಮಾತ್ರ 27.

ಈಗ ನಮ್ಮ ರಾತ್ರಿಯ ಕ್ರಮ ಹೀಗೆ. ಒಂಬತ್ತಕ್ಕೆ ಕಿಟಕಿ ಹಾಕಿ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆಯ ಸುರುಳಿ ಇಡುವುದು. ಸಂದಿ ಬಿಟ್ಟರೆ ಹೊರಗಿನ ನೀರು ಗಾಳಿಯ ಜೊತೆ ಒಳಗೆ ಬರುತ್ತಲೇ ಇರುತ್ತದೆ. ಕೂಲ್‌ನಲ್ಲಿ 26, ಇಪ್ಪತ್ತು ನಿಮಿಷ. ಆಮೇಲೆ ಡ್ರೈ. ಮೇಲಿನ ಫ್ಯಾನ್ ಎರಡರಲ್ಲಿ. ಅಂಗಳಕ್ಕೆ ಹೋಗಿ ಡ್ರೈನ್ ಪೈಪಿನ ಬಾಯಿಗೆ ಹಸಿರು ಬಕೆಟ್ ಇಡುವುದು ನನ್ನ ಕೆಲಸ. ಬೆಳಿಗ್ಗೆ ಅತ್ತೆಯ ಮೊದಲ ಪ್ರಶ್ನೆ, “ಎಷ್ಟು ಬಂತು?” ಏಪ್ರಿಲ್, ಮೇನಲ್ಲಿ ಬಕೆಟ್ ಮುಕ್ಕಾಲು ತುಂಬಿರುತ್ತದೆ. ಅಷ್ಟು ನೀರು ನಿನ್ನೆ ರಾತ್ರಿ ನಮ್ಮ ಮೂಗಿನ ಮುಂದೆ ಗಾಳಿಯಲ್ಲಿತ್ತು ಅಂತ ನೆನೆದರೆ ನನಗೆ ಇವತ್ತಿಗೂ ಆಶ್ಚರ್ಯ. ಆ ನೀರು ಅಬ್ಬಲಿಗೆ ಗಿಡಗಳಿಗೆ, ಉಳಿದದ್ದು ನೆಲ ಒರೆಸಲು. ಕುಡಿಯಲು ಆಗದು. ಕಾಯಿಲ್‌ನ ಧೂಳೆಲ್ಲ ತೊಳೆದುಕೊಂಡು ಬಂದ ನೀರು ಅದು.

ಮಳೆಗಾಲದಲ್ಲಿ ಇದು ಇನ್ನೊಂದೇ ಉಪಕಾರ. ಜುಲೈನಲ್ಲಿ ಮಕ್ಕಳ ಯೂನಿಫಾರ್ಮ್ ಮೂರು ದಿನವಾದರೂ ಒಣಗದೆ ವಾಸನೆ ಬರುತ್ತಿತ್ತು. ಈಗ ಕೋಣೆಯಲ್ಲೇ ಹಗ್ಗ ಕಟ್ಟಿ, ಡ್ರೈ ಹಾಕಿ, ಬಾಗಿಲು ಮುಚ್ಚುತ್ತೇವೆ. ಬೆಳಿಗ್ಗೆಗೆ ಒಣಗಿರುತ್ತದೆ. ಕಪಾಟಿನ ರೇಷ್ಮೆ ಸೀರೆಗೆ ಬೂಸ್ಟು ಹಿಡಿಯುವುದು ನಿಂತಿದೆ. ಎಸಿ ಬೇಸಿಗೆಯ ಸಾಮಾನು ಅಂದುಕೊಂಡಿದ್ದವಳು ನಾನು.

ಇಷ್ಟೆಲ್ಲ ಸಂತೋಷದ ನಡುವೆ ಕೋಪ ಬಂದ ವಿಷಯವೂ ಇದೆ. ಅದು ಗ್ಯಾಸ್.

2024ರ ಮಾರ್ಚ್‌ನಲ್ಲಿ ತಂಪು ಕಮ್ಮಿಯಾಯಿತು. ಸರ್ವೀಸಿಗೆ ಬಂದವರು ಮೀಟರ್ ಹಾಕಿ, “ಗ್ಯಾಸ್ ಕಮ್ಮಿ ಆಗಿದೆ ಅಕ್ಕ, ಎರಡು ವರ್ಷ ಆಯ್ತಲ್ಲ” ಅಂದರು. 2,800 ರೂಪಾಯಿ ಕೊಟ್ಟು ತುಂಬಿಸಿದೆವು. ಅಡುಗೆ ಸಿಲಿಂಡರ್ ಖಾಲಿಯಾಗುವ ಹಾಗೆ ಇದೂ ಖಾಲಿಯಾಗುತ್ತದೆ ಅಂತ ನಂಬಿದೆವು. ಗ್ಯಾಸ್ ಅನ್ನುವ ಮಾತು ಕೇಳಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ ಅಲ್ವಾ? ಎಂಟು ತಿಂಗಳಿಗೆ ಮತ್ತೆ ಅದೇ ಕಥೆ, ಅದೇ ಮಾತು.

ಈ ಸಲ ನಮ್ಮ ಓಣಿಯ, ಫ್ರಿಜ್ ರಿಪೇರಿ ಮಾಡುವ ಹುಡುಗನನ್ನು ಕರೆದೆವು. ಅವನು ಮೊದಲು ಒಂದು ಬಟ್ಟಲಲ್ಲಿ ನೀರು, ಬಟ್ಟೆ ಸೋಪಿನ ಪುಡಿ ಕೇಳಿದ. ನೊರೆ ಮಾಡಿ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಔಟ್‌ಡೋರ್ ಯೂನಿಟ್‌ಗೆ ತಾಮ್ರದ ಪೈಪು ಸೇರುವ ಹಿತ್ತಾಳೆಯ ನಟ್ಟಿಗೆ ಹಚ್ಚಿದ. ಸುಮ್ಮನೆ ನೋಡುತ್ತಾ ಕೂತ. ಒಂದು ನಿಮಿಷಕ್ಕೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. “ನೋಡಿ ಅಕ್ಕ, ನಿಮ್ಮ ದುಡ್ಡು ಇಲ್ಲಿಂದ ಹೋಗ್ತಾ ಇರೋದು” ಅಂದ.

ಎಸಿಯ ಗ್ಯಾಸ್ ಉರಿದು ಖರ್ಚಾಗುವ ವಸ್ತುವಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಇಳಿಸಿ ಮತ್ತೆ ಒಳಗೆ ಬರುತ್ತದೆ, ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರುವ ಜಾಗ ಮುಚ್ಚದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಆ ಹುಡುಗ ಪೈಪಿನ ತುದಿ ಕತ್ತರಿಸಿ, ಹೊಸದಾಗಿ ಅಗಲಿಸಿ, ನಟ್ಟು ಕೂರಿಸಿದ. ಅರ್ಧ ಗಂಟೆ ಪಂಪು ಹಾಕಿ ಒಳಗಿನ ಗಾಳಿ, ತೇವ ಎಲ್ಲ ಎಳೆದ. ಆಮೇಲೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಔಟ್‌ಡೋರ್‌ನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಕ ಮಾಡಿ ತುಂಬಿಸಿದ. ಮೊದಲು ಬಂದವರ ಹತ್ತಿರ ತಕ್ಕಡಿಯೂ ಇರಲಿಲ್ಲ, ಪಂಪೂ ಇರಲಿಲ್ಲ. ನಮ್ಮ ಎಸಿಯಲ್ಲಿರುವ ಆರ್32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್ ಕೂಡ, ಹಾಗಾಗಿ ಕೆಲಸ ತಿಳಿದವರೇ ಮುಟ್ಟಬೇಕು. ಅಂದಿನಿಂದ ಇಂದಿನವರೆಗೆ ಗ್ಯಾಸಿನ ಮಾತಿಲ್ಲ.

ಇನ್ವರ್ಟರ್ ಅನ್ನುವ ಪದದ್ದೂ ಇದೇ ಗೋಳು. ಪಕ್ಕದ ಮನೆಯ ಚಿಕ್ಕಮ್ಮ, “ಇನ್ವರ್ಟರ್ ಎಸಿ ಅಲ್ವಾ, ಕರೆಂಟ್ ಹೋದ್ರೂ ಓಡ್ತದಲ್ಲ” ಅಂತ ಕೇಳಿದ್ದರು. ಬ್ಯಾಟರಿಯ ಇನ್ವರ್ಟರ್ ಬೇರೆ. ಇಲ್ಲಿ ಕಂಪ್ರೆಸರ್‌ನ ವೇಗವನ್ನು ಬೇಕಾದ ಹಾಗೆ ಏರಿಸಿ ಇಳಿಸುವ ವ್ಯವಸ್ಥೆಗೆ ಆ ಹೆಸರು. ಹಳೆಯ ಎಸಿ ಪೂರ್ತಿ ಓಡುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ. ಕರೆಂಟ್ ಹೋದರೆ ಎರಡೂ ಒಂದೇ.

ಸ್ಟಾರ್ ಬಗ್ಗೆ ಒಂದೇ ಮಾತು. ನಮ್ಮ ಚೀಟಿಯಲ್ಲಿ ಐದು ಸ್ಟಾರ್, ಐಎಸ್‌ಇಇಆರ್ 4.7 ಅಂತ ಇದೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ತಂಪು ಸಿಗುತ್ತದೆ ಅನ್ನುವ ಅಂಕಿ ಅದು, ಜಾಸ್ತಿ ಇದ್ದಷ್ಟೂ ಒಳ್ಳೆಯದು. 2022ರ ಜುಲೈನಲ್ಲಿ ಸರ್ಕಾರದವರು ಲೆಕ್ಕ ಬಿಗಿ ಮಾಡಿ ಐದು ಸ್ಟಾರಿಗೆ ಕನಿಷ್ಠ 5 ಬೇಕು ಅಂತ ಮಾಡಿದರು. ಅಂದರೆ ಮೂರೇ ತಿಂಗಳಲ್ಲಿ ನಮ್ಮದು ನಾಲ್ಕು ಸ್ಟಾರಿನ ಸಾಲಿಗೆ ಬಂತು. ಹಾಗಾಗಿ ಕೊಳ್ಳುವಾಗ ಸ್ಟಾರ್ ಎಣಿಸಬೇಡಿ, ಆ ಅಂಕಿ ನೋಡಿ, ಚೀಟಿ ಯಾವ ವರ್ಷದ್ದು ನೋಡಿ. ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರುವುದು 1,600 ಗಂಟೆ ಓಡಿಸಿದರೆ ಆಗುವ ಖರ್ಚು. ನಿಮ್ಮ ಮನೆಯ ಗಂಟೆ ನೀವೇ ಎಣಿಸಿಕೊಳ್ಳಬೇಕು.

ನಮಗೆ ಯೂನಿಟ್ ಲೆಕ್ಕ ಮುಖ್ಯ. ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. 22 ಡಿಗ್ರಿಯಲ್ಲಿ ರಾತ್ರಿಯಿಡೀ ಓಡಿಸುತ್ತಿದ್ದ ಕಾಲದಲ್ಲಿ ಮೇ ತಿಂಗಳು 260ರ ಹತ್ತಿರ ಹೋಗುತ್ತಿತ್ತು. ಡ್ರೈ ಕ್ರಮ ಶುರುವಾದ ಮೇಲೆ ಎರಡು ಮೇ ತಿಂಗಳು 200ರ ಒಳಗೇ ಮುಗಿದಿದೆ. ಯಾವಾಗಲೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಮಧ್ಯಾಹ್ನ ಮೂರರ ಬಿಸಿಲಿಗೆ ಡ್ರೈ ಸಾಲದು, ಆಗ ಕೂಲ್ ಬೇಕೇ ಬೇಕು. ಮನೆ ತುಂಬ ನೆಂಟರಿದ್ದರೆ ಲೆಕ್ಕ ತಪ್ಪುತ್ತದೆ.

ಬಿಸಿ ಗಾಳಿಯನ್ನೂ ಕೊಡುವ ಹಾಟ್ ಅಂಡ್ ಕೋಲ್ಡ್ ಎಸಿ ನಮಗೆ ಬೇಡ. ದೆಹಲಿಯಲ್ಲಿರುವ ತಮ್ಮನ ಮನೆಯಲ್ಲಿ ಇದೆ. ಅದರಲ್ಲಿ ಗ್ಯಾಸ್ ಉಲ್ಟಾ ಸುತ್ತುತ್ತದೆ, ಹೊರಗಿನ ಬಿಸಿಯನ್ನು ಎತ್ತಿ ಒಳಗೆ ಹಾಕುತ್ತದೆ. ಜನವರಿಯಲ್ಲಿ ಹೋದಾಗ ಅದರ ಬೆಲೆ ಗೊತ್ತಾಯಿತು. ಮಲ್ಪೆಯಲ್ಲಿ ಅದಕ್ಕೆ ದುಡ್ಡು ಕೊಡುವವರು ಯೋಚಿಸಿ ಕೊಡಿ.

ಈಗ ನನ್ನ ಚಿಂತೆ ಔಟ್‌ಡೋರ್ ಯೂನಿಟ್‌ನದು. ಸಮುದ್ರದ ಉಪ್ಪು ಗಾಳಿಗೆ ಅದರ ಅಲ್ಯೂಮಿನಿಯಂ ರೆಕ್ಕೆಗಳು ಒಂದು ಮೂಲೆಯಲ್ಲಿ ಬಿಳಿ ಪುಡಿಯಾಗಿ ಉದುರುತ್ತಿವೆ. ಕಬ್ಬಿಣದ ಸ್ಟ್ಯಾಂಡ್ ತುಕ್ಕು ಹಿಡಿದಿದೆ. ತುಕ್ಕು ತಡೆಯುವ ನೀಲಿ ಲೇಪ ಇರುವ ಮಾಡೆಲ್‌ಗೆ ಆಗ ಇನ್ನೂ 2,000 ಕೊಡಬೇಕಿತ್ತು, ನಾವು ಬೇಡ ಅಂದಿದ್ದೆವು. ಕರಾವಳಿಯವರು ಅದನ್ನು ಬಿಡಬೇಡಿ. ನಾನು ಹದಿನೈದು ದಿನಕ್ಕೊಮ್ಮೆ ಎಸಿಗೆ ಕರೆಂಟ್ ಹೋಗುವ ಎಂಸಿಬಿ ಸ್ವಿಚ್ ಆಫ್ ಮಾಡಿ, ಸಿಹಿನೀರಿನಲ್ಲಿ ಮೆಲ್ಲಗೆ ಆ ರೆಕ್ಕೆಗಳ ಉಪ್ಪು ತೊಳೆಯುತ್ತೇನೆ. ಇನ್ನು ಮೂರು ಬೇಸಿಗೆ ಬರಲಿ ಅಂತ ಆಸೆ. ಮುಂದಿನ ಸಲ ಒಂದೇ ಟನ್, ನೀಲಿ ಲೇಪದ್ದು. ಅಂಗಡಿಯಲ್ಲಿ ಮೊದಲು ರಿಮೋಟ್ ಕೈಗೆ ತೆಗೆದುಕೊಂಡು ಹನಿಯ ಚಿತ್ರ ಇದೆಯಾ ಅಂತ ನೋಡುತ್ತೇನೆ.